ನಿಮ್ಮ ಮನೆ, ಅವರ ಬೀಗದ ಕೈ



ನಿಮ್ಮಲ್ಲಿ ಎಷ್ಟೋ ಜನ ಹಗಲೆಲ್ಲ ಯಾವುದೋ ಕಂಪನಿಗೆ ದುಡಿದು, ರಾತ್ರಿ ರೂಮಿನಲ್ಲಿ ಕೂತು ಸ್ವಂತಕ್ಕೊಂದು ಆ್ಯಪ್ ಕಟ್ಟುತ್ತಿದ್ದೀರಿ. ಕನ್ನಡದ್ದೇ ಆ್ಯಪ್. ಕಥೆ ಕೇಳಲು ಒಂದು, ಪದಬಂಧ ಆಡಲು ಒಂದು, ಊರ ಜಾತ್ರೆಯ ದಿನ ನೋಡಲು ಒಂದು. ಸಂತೋಷ. ಫ್ಲಟರ್ ಇದೆ, ರಿಯಾಕ್ಟ್ ನೇಟಿವ್ ಇದೆ; ಒಂದು ಸಲ ಬರೆದರೆ ಆಂಡ್ರಾಯ್ಡಿನಲ್ಲೂ ಐಫೋನಿನಲ್ಲೂ ಓಡುತ್ತದೆ. ಅದೂ ಸಂತೋಷ. ಆದರೆ ಒಂದು ಮಾತು ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಮೊದಲ ಸ್ಕ್ರೀನಿನಲ್ಲೇ ‘ಗೂಗಲ್ ಖಾತೆಯಿಂದ ಒಳಗೆ ಬನ್ನಿ’ ಎಂಬ ಒಂದೇ ಒಂದು ಬಟನ್ ನಿಲ್ಲಿಸಿದ್ದೀರಲ್ಲ, ಆ ಬಾಗಿಲಿನ ಬೀಗದ ಕೈ ಯಾರ ಹತ್ತಿರ ಇದೆ?

ಬಟನ್ ಬೇಡ ಎನ್ನುತ್ತಿಲ್ಲ. ಹೊಸದೊಂದು ಪಾಸ್‌ವರ್ಡ್ ನೆನಪಿಡಲು ಯಾರಿಗೆ ಪುರುಸೊತ್ತಿದೆ? ಸಾವಿರಾರು ಜನರ ಪಾಸ್‌ವರ್ಡ್ ನಿಮ್ಮ ಸರ್ವರಿನಲ್ಲಿ ಪೇರಿಸಿಟ್ಟು, ಒಂದು ದಿನ ಕಳ್ಳರ ಪಾಲು ಮಾಡುವುದಕ್ಕಿಂತ ಇದು ಎಷ್ಟೋ ಮೇಲು. ಬಳಸುವವನು ತಾನು ಯಾರೆಂದು ಗೂಗಲ್‌ಗೆ ತೋರಿಸುತ್ತಾನೆ, ಗೂಗಲ್ ಸಹಿ ಹಾಕಿದ ಒಂದು ಚೀಟಿ ಕೊಡುತ್ತದೆ, ಅದೇ ಟೋಕನ್. ಪಾಸ್‌ವರ್ಡ್ ನಿಮ್ಮ ಕಣ್ಣಿಗೂ ಬೀಳುವುದಿಲ್ಲ. 2012ರ ಓಆತ್ 2.0, ಅದರ ಮೇಲೆ ನಿಂತ 2014ರ ಓಪನ್ ಐಡಿ ಕನೆಕ್ಟ್, ಎರಡೂ ಎಲ್ಲರಿಗೂ ತೆರೆದ ಕಟ್ಟಳೆಗಳು. ನನ್ನ ತಕರಾರು ಇರುವುದು ಮನೆಗೆ ಅದೊಂದೇ ಬಾಗಿಲು ಇಡುವುದರ ಬಗ್ಗೆ.

ಬರೀ ಹೆದರಿಸುವ ಮಾತಲ್ಲ ಇದು. 2020ರಲ್ಲಿ ‘ಫೋರ್ಟ್‌ನೈಟ್’ ಆಟದ ಎಪಿಕ್ ಗೇಮ್ಸ್‌ಗೂ ಆ್ಯಪಲ್‌ಗೂ ಕಮಿಷನ್ ವಿಚಾರದಲ್ಲಿ ಜಗಳ ಹತ್ತಿ ಕೋರ್ಟು ಮೆಟ್ಟಿಲೇರಿತು. ಆ ಸೆಪ್ಟೆಂಬರಿನಲ್ಲಿ ಎಪಿಕ್ ತನ್ನ ಗ್ರಾಹಕರಿಗೆ ಸಾರಿತು: ಆ್ಯಪಲ್ ಬಟನ್ ಒತ್ತಿ ಬರುತ್ತಿದ್ದವರಿಗೆ 11ನೇ ತಾರೀಖಿನಿಂದಲೇ ಆ ಬಾಗಿಲು ಮುಚ್ಚಬಹುದು, ಬೇಗ ನಿಮ್ಮ ಇ-ಮೇಲ್ ಸರಿಪಡಿಸಿಕೊಳ್ಳಿ! ಕೊನೆಗೆ ಗಡುವನ್ನು ಅನಿರ್ದಿಷ್ಟವಾಗಿ ಮುಂದೂಡಲಾಯಿತು. ಎಪಿಕ್ ಹತ್ತಿರ ವಕೀಲರ ದಂಡೇ ಇತ್ತು. ನಿಮ್ಮ ಹತ್ತಿರ ಯಾರಿದ್ದಾರೆ?

ಇನ್ನು ಆ ಬಟನ್ ಕೂರಿಸುವ ಪಾಡು ನೋಡಿ. ನಿಮ್ಮ ಸ್ವಂತ ಫೋನಿನಲ್ಲಿ ಲಾಗಿನ್ ಸಲೀಸಾಗಿ ಆಗುತ್ತದೆ. ಕುಣಿದಾಡಿಕೊಂಡು ಪ್ಲೇ ಸ್ಟೋರಿಗೆ ಹಾಕುತ್ತೀರಿ. ಇಳಿಸಿಕೊಂಡವರಿಗೆಲ್ಲ ಬಾಗಿಲು ಬಂದ್! ಎಷ್ಟೋ ಜನ ಹುಡುಗರು ‘10’ ಎಂಬ ದೋಷದ ಸಂಖ್ಯೆ ನೋಡಿಕೊಂಡು ರಾತ್ರಿಯಿಡೀ ನಿದ್ದೆಗೆಟ್ಟಿದ್ದಾರೆ. ಗುಟ್ಟು ಇಷ್ಟೇ. ಆಂಡ್ರಾಯ್ಡ್ ಆ್ಯಪಿಗೆಲ್ಲ ಒಂದು ಸಹಿ ಇರುತ್ತದೆ. ಆ ಸಹಿಯ ಬೆರಳಚ್ಚನ್ನು, ಎಸ್‌ಎಚ್‌ಎ-1 ಎನ್ನುತ್ತಾರೆ, ಗೂಗಲ್‌ನಲ್ಲಿ ನೋಂದಾಯಿಸಿದರೆ ಮಾತ್ರ ಲಾಗಿನ್. ನಿಮ್ಮ ಕಂಪ್ಯೂಟರಿನಲ್ಲಿ ಪರೀಕ್ಷೆಗೆ ಒಂದು ಸಹಿ, ಸ್ಟೋರಿಗೆ ಕಳಿಸುವಾಗ ಇನ್ನೊಂದು. 2021ರ ಆಗಸ್ಟ್‌ನಿಂದ ಹೊಸ ಆ್ಯಪುಗಳಿಗೆ ಪ್ಲೇ ಸ್ಟೋರೇ ತನ್ನ ಬಳಿಯಿರುವ ಮೂರನೆಯ ಸಹಿ ಹಾಕಿ ಜನರಿಗೆ ಕೊಡುತ್ತದೆ. ಆ ಮೂರನೆಯ ಬೆರಳಚ್ಚನ್ನು ಗೂಗಲ್‌ನ ಒಂದು ಕಚೇರಿಯಿಂದ ಇಸಿದುಕೊಂಡು ಗೂಗಲ್‌ನದೇ ಇನ್ನೊಂದು ಕಚೇರಿಗೆ ನೀವೇ ಹೊತ್ತು ಹಾಕಬೇಕು. ತಾಲ್ಲೂಕು ಕಚೇರಿ ನೆನಪಾಗಲಿಲ್ಲವೇ?

ಕೆಲವು ಜಾಣರು ಆ್ಯಪಿನೊಳಗೇ ಒಂದು ವೆಬ್‌ವ್ಯೂ ತೆರೆದು ಲಾಗಿನ್ ಪುಟ ತೋರಿಸಲು ಹೋಗುತ್ತಾರೆ. ಗೂಗಲ್ ಅದನ್ನು 2017ರಲ್ಲೇ ನಿಲ್ಲಿಸಿತು. ನ್ಯಾಯವೇ ಬಿಡಿ. ನಿಮ್ಮ ಕಿಟಕಿಯೊಳಗೆ ಬೇರೆಯವರ ಪಾಸ್‌ವರ್ಡ್ ಟೈಪು ಮಾಡಿಸಿದರೆ ನೀವು ಇಣುಕಿಲ್ಲ ಎಂದು ನಂಬುವುದು ಹೇಗೆ?

ಐಫೋನಿನ ಕಟ್ಟುಪಾಡು ಬೇರೆ. ಹೊರಗಿನವರ ಲಾಗಿನ್ ಇಟ್ಟರೆ ‘ಆ್ಯಪಲ್ ಮೂಲಕ ಸೈನ್ ಇನ್’ ಕೂಡ ಇಡಲೇಬೇಕು ಎಂದು 2019ರಲ್ಲಿ ಅಪ್ಪಣೆಯಾಯಿತು. 2024ರ ಜನವರಿಯಲ್ಲಿ ಸ್ವಲ್ಪ ಸಡಿಲವಾಯಿತು: ಹೆಸರು ಮತ್ತು ಇ-ಮೇಲ್ ಮಾತ್ರ ಕೇಳುವ, ಇ-ಮೇಲ್ ಬಚ್ಚಿಡಲು ಬಿಡುವ, ಒಪ್ಪಿಗೆಯಿಲ್ಲದೆ ಜಾಹೀರಾತಿಗಾಗಿ ಹಿಂಬಾಲಿಸದ ಬೇರೆ ಲಾಗಿನ್ ಆದರೂ ನಡೆಯುತ್ತದೆ. ನಿಮ್ಮದೇ ಖಾತೆ ಪದ್ಧತಿ ಮಾತ್ರ ಇಟ್ಟುಕೊಂಡಿದ್ದರೆ ಈ ತಂಟೆಯೇ ಇಲ್ಲ. ಅದೇ ಆ್ಯಪಲ್ ಬಟನ್ ಆಂಡ್ರಾಯ್ಡಿನಲ್ಲೂ ಬೇಕೆಂದರೆ ಬ್ರೌಸರ್ ಮೂಲಕ ಸುತ್ತಿ, ನಿಮ್ಮ ಸರ್ವರ್ ಮುಟ್ಟಿ ಬರಬೇಕು. ಒಂದು ಸಲ ಬರೆದರೆ ಎರಡೂ ಕಡೆ ಓಡುತ್ತದೆ ಎಂಬ ಮಾತು ಲಾಗಿನ್ ಬಾಗಿಲಲ್ಲಿ ಅರ್ಧಕ್ಕರ್ಧ ಸುಳ್ಳಾಗುತ್ತದೆ.

ಇ-ಮೇಲ್ ಬಚ್ಚಿಡುವುದು ಎಂದೆನಲ್ಲ, ಅದರಿಂದ ನಮ್ಮ ಮನೆಯಲ್ಲೇ ಒಂದು ಪೇಚಾಟವಾಯಿತು. ನಮ್ಮ ಅತ್ತಿಗೆ ಹಾಡು ಕಲಿಸುವ ಒಂದು ಆ್ಯಪಿಗೆ ವರ್ಷದ ಚಂದಾ ಕಟ್ಟಿದ್ದರು. ಆಗ ಕೈಯಲ್ಲಿದ್ದದ್ದು ಅಣ್ಣನ ಹಳೇ ಐಫೋನ್. ಆ್ಯಪಲ್ ಬಟನ್ ಒತ್ತಿ, ಇ-ಮೇಲ್ ತೋರಿಸಬೇಡ ಎಂದು ಆರಿಸಿದ್ದರು. ಹಾಗೆ ಆರಿಸಿದರೆ ಆ್ಯಪಿಗೆ ಸಿಗುವುದು ಮರೆಯ ವಿಳಾಸ. ಫೋನ್ ಬದಲಾಗಿ ಆಂಡ್ರಾಯ್ಡ್ ಬಂತು. ಅಲ್ಲಿ ಇದ್ದದ್ದು ಗೂಗಲ್ ಬಟನ್ ಮಾತ್ರ. ಒತ್ತಿದರೆ ಖಾಲಿ ಖಾತೆ! ಆರು ತಿಂಗಳ ಅಭ್ಯಾಸ ಇಲ್ಲ, ಕಟ್ಟಿದ ದುಡ್ಡೂ ಇಲ್ಲ. ಸಹಾಯಕ್ಕೆ ಬರೆದರೆ, ನಿಮ್ಮ ಇ-ಮೇಲಿನಲ್ಲಿ ಚಂದಾ ಕಟ್ಟಿದ ಖಾತೆಯೇ ಇಲ್ಲ ಎಂದು ಇಂಗ್ಲಿಷಿನಲ್ಲಿ ಉತ್ತರ. ಅವರು ಸುಳ್ಳು ಹೇಳಲಿಲ್ಲ, ನೋಡಿ. ಅವರ ಪುಸ್ತಕದಲ್ಲಿ ಅತ್ತಿಗೆ ಇಬ್ಬರಾಗಿದ್ದರು.

ಅದಕ್ಕೇ ಹೇಳುವುದು, ಖಾತೆ ನಿಮ್ಮದಾಗಿರಲಿ. ನಿಮ್ಮ ಸರ್ವರಿನಲ್ಲಿ ಪ್ರತಿಯೊಬ್ಬರಿಗೂ ನೀವೇ ಕೊಟ್ಟ ಒಂದು ಸಂಖ್ಯೆ ಇರಲಿ. ಗೂಗಲ್, ಆ್ಯಪಲ್ ಎಲ್ಲ ಆ ಸಂಖ್ಯೆಗೆ ಕಟ್ಟಿದ ಹಗ್ಗಗಳು ಮಾತ್ರ. ಒಳಗೆ ಬಂದವರು ಸೆಟ್ಟಿಂಗ್ಸಿನಲ್ಲಿ ಇನ್ನೊಂದು ಹಗ್ಗ ಕಟ್ಟಿಕೊಳ್ಳಲು ಜಾಗವಿರಲಿ. ಹಗ್ಗ ಕಟ್ಟುವಾಗ ಇ-ಮೇಲನ್ನು ಗುರುತಾಗಿ ಹಿಡಿಯಬೇಡಿ, ಅದು ಬದಲಾಗುತ್ತದೆ. ಟೋಕನ್ನಿನಲ್ಲಿ ‘ಸಬ್’ ಎಂಬ ಗುರುತಿದೆ, ಅದನ್ನು ಹಿಡಿಯಿರಿ. ಚೀಟಿಯನ್ನು ನಿಮ್ಮ ಸರ್ವರೇ ಪರೀಕ್ಷಿಸಲಿ: ಸಹಿ ಅಸಲಿಯೇ, ಕೊಟ್ಟವರು ಯಾರು, ಅವಧಿ ಮುಗಿದಿದೆಯೇ, ಮುಖ್ಯವಾಗಿ ಅದು ನಿಮ್ಮ ಆ್ಯಪಿನ ಹೆಸರಿಗೇ ಬರೆದದ್ದೇ? ಫೋನಿನಿಂದ ಬಂದ ಇ-ಮೇಲನ್ನೇ ಕಣ್ಣುಮುಚ್ಚಿ ನಂಬಿ ಬಾಗಿಲು ತೆರೆಯುವ ಸರ್ವರಿಗೆ ನಾನು ನಿಮ್ಮ ಇ-ಮೇಲ್ ಕಳಿಸಿದರೂ ಸಾಕು, ನೀವಾಗಿ ಒಳಗೆ ಕೂರುತ್ತೇನೆ.

ಜೊತೆಗೆ ಒಂದು ಸ್ವಂತ ಬಾಗಿಲು. ಎಸ್ಸೆಮ್ಮೆಸ್ ಓಟಿಪಿಗೆ ದುಡ್ಡು ಹೋಗುತ್ತದೆ, ಡಿಎಲ್‌ಟಿ ನೋಂದಣಿಯ ತಲೆನೋವು ಬೇರೆ, ಗೊತ್ತು. ಇ-ಮೇಲಿಗೆ ಆರಂಕಿ ಕಳಿಸಲು ಅಷ್ಟು ಖರ್ಚಿಲ್ಲವಲ್ಲ.

ಈಗ ಹೆಸರಿನ ವಿಚಾರ. ಗೂಗಲ್ ಚೀಟಿಯಲ್ಲಿ ಹೆಸರೂ ಬರುತ್ತದೆ, ಬಳಸುವವನು ಖಾತೆ ತೆರೆಯುವಾಗ ಬರೆದ ಹಾಗೇ. ನಮ್ಮವರಲ್ಲಿ ಹೆಚ್ಚಿನವರು ಬರೆದಿರುವುದು ಇಂಗ್ಲಿಷ್ ಅಕ್ಷರದಲ್ಲಿ. ಅದರ ಜೊತೆಗೆ ಮೊದಲ ಹೆಸರು, ಮನೆತನದ ಹೆಸರು ಎಂಬ ಎರಡು ಖಾನೆ. ಅಪ್ಪನ ಹೆಸರಿನದೋ ಊರಿನದೋ ಇನಿಷಿಯಲ್ ಹಾಕಿಕೊಳ್ಳುವ ನಮ್ಮ ಜನ ಈ ಎರಡು ಖಾನೆಯಲ್ಲಿ ಎಲ್ಲಿ ಕೂರಬೇಕು? ‘ನಮಸ್ಕಾರ’ ಎಂದು ಚಂದದ ಕನ್ನಡದಲ್ಲಿ ಬರೆದು ಅದರ ಮುಂದೆ ಒಂಟಿ ಇಂಗ್ಲಿಷ್ ‘ಎಸ್’ ತೋರಿಸುವ ಕನ್ನಡ ಆ್ಯಪನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆ್ಯಪಲ್ ಅಂತೂ ಹೆಸರು ಕೊಡುವುದು ಮೊದಲ ಸಲ ಮಾತ್ರ. ಆಗ ಬರೆದಿಟ್ಟುಕೊಳ್ಳದಿದ್ದರೆ ಹೋಯಿತು. ಇವರ ಚೀಟಿಯನ್ನೇಕೆ ನಂಬಿ ಕೂರುತ್ತೀರಿ? ‘ನಿಮ್ಮನ್ನು ಏನೆಂದು ಕರೆಯೋಣ?’ ಎಂದು ಒಂದೇ ಖಾನೆ ಇಟ್ಟು ನೀವೇ ಕೇಳಿ. ಕನ್ನಡದಲ್ಲಿ ಬರೆದರೆ ಕನ್ನಡದಲ್ಲೇ ಉಳಿಸಿ.

ಕಾನೂನೂ ನಿಮ್ಮ ಬಾಗಿಲಿಗೆ ಬಂದಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ ಜನರ ಮಾಹಿತಿಗೆ ಒಪ್ಪಿಗೆ ಕೇಳುವಾಗ, ಅದನ್ನು ಇಂಗ್ಲಿಷಿನಲ್ಲಾಗಲಿ ಸಂವಿಧಾನದ ಎಂಟನೇ ಅನುಸೂಚಿಯ ಭಾಷೆಯಲ್ಲಾಗಲಿ ಓದುವ ಆಯ್ಕೆ ಕೊಡಬೇಕು. ಕನ್ನಡ ಆ ಪಟ್ಟಿಯಲ್ಲಿದೆ. ನಿಯಮಗಳು ಪ್ರಕಟವಾದದ್ದು 2025ರ ನವೆಂಬರಿನಲ್ಲಿ, ಒಪ್ಪಿಗೆಯ ಭಾಗಕ್ಕೆ ಅಲ್ಲಿಂದ 18 ತಿಂಗಳ ಗಡುವು. ದೊಡ್ಡ ಕಂಪನಿಗಳು ಗಡುವಿನ ಹಿಂದಿನ ರಾತ್ರಿ ಯಂತ್ರಾನುವಾದ ಅಂಟಿಸಿ ಕೈತೊಳೆದುಕೊಳ್ಳಬಹುದು. ನಿಮಗೆ ಕನ್ನಡ ಬರುತ್ತದಲ್ಲ, ಇವತ್ತೇ ಬರೆಯಿರಿ: ಯಾವ ಮಾಹಿತಿ ತೆಗೆದುಕೊಳ್ಳುತ್ತೀರಿ, ಯಾತಕ್ಕೆ. ಬೇಕಿಲ್ಲದ್ದನ್ನು ಕೇಳಲೇಬೇಡಿ, ಪದಬಂಧಕ್ಕೆ ಜನರ ಕಾಂಟ್ಯಾಕ್ಟ್ ಪಟ್ಟಿ ಏತಕ್ಕೆ? ಹಾಗೆಯೇ ಹೊರಗೆ ಹೋಗುವ ದಾರಿಯನ್ನೂ ಇಡಿ. ಆ್ಯಪಿನಲ್ಲೇ ಖಾತೆ ತೆರೆಸುವವರು ಅಲ್ಲೇ ಅಳಿಸಲೂ ಬಿಡಬೇಕೆಂದು ಆ್ಯಪಲ್ 2022ರ ಜೂನ್ 30ರಿಂದ ಕಡ್ಡಾಯ ಮಾಡಿದೆ. ಆ ಬಟನ್ ಮೇಲೆ ಎರಡೇ ಪದ ಸಾಕು: ‘ಖಾತೆ ಅಳಿಸಿ’.