ಎರಡು ಹೊಸಹಳ್ಳಿ, ಒಂದೇ ಕೀ

'ಬೆಂಗಳೂರು, 560001, ಮೈಸೂರು, 570001, ಧಾರವಾಡ, 580001.' ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಯಲು ಬಂದವರಿಗೆ ಇಂಥದೊಂದು ಉದ್ದಸಾಲಿನ ಪಟ್ಟಿ ಕೊಟ್ಟು, ಅದನ್ನು ಡಿಕ್ಷನರಿ ಮಾಡಿ ಎನ್ನುವುದು ವಾಡಿಕೆ. ಹುಡುಕಲು ಬಳಸುವ ಊರಿನ ಹೆಸರು ಕೀ, ಅದಕ್ಕೆ ಸಿಗುವ ಪಿನ್‌ಕೋಡ್ ವ್ಯಾಲ್ಯೂ. ಒಂದು ಬಿಟ್ಟು ಒಂದರಂತೆ ಹೆಸರುಗಳನ್ನೂ ಅಂಕಿಗಳನ್ನೂ ಬೇರೆ ಮಾಡಿ, 'ಜಿಪ್' ಎಂಬ ಫಂಕ್ಷನ್ ಬಳಸಿ ಜೋಡಿಸಿದರೆ ಒಂದೇ ಸಾಲಿನ ಕೋಡ್‌ನಲ್ಲಿ ಕೆಲಸ ಮುಗಿಯಿತು. ಉತ್ತರ ಸರಿ ಬಂತೆಂದು ಪಾಠ ಮುಂದೆ ಹೋಗುತ್ತದೆ. ನಿಜಕ್ಕೂ ಪಾಠ ಶುರುವಾಗಬೇಕಾದದ್ದು ಅಲ್ಲಿಂದ.

ಇದೇ ಪಟ್ಟಿಯಲ್ಲಿ ಮೈಸೂರಿನ ಅಂಕಿಯನ್ನು ಯಾರೋ ಬರೆಯಲು ಮರೆತಿದ್ದಾರೆ ಎಂದುಕೊಳ್ಳಿ. ಆಗ ಮೈಸೂರಿನ ಪಿನ್‌ಕೋಡ್ ಜಾಗಕ್ಕೆ 'ಧಾರವಾಡ' ಬಂದು ಕೂರುತ್ತದೆ. ಕೊನೆಯ 580001 ಜೋಡಿ ಸಿಗದೆ ಕಾಣೆಯಾಗುತ್ತದೆ, ಏಕೆಂದರೆ ಚಿಕ್ಕ ಪಟ್ಟಿ ಮುಗಿದ ಕೂಡಲೇ ಜಿಪ್ ನಿಂತುಬಿಡುತ್ತದೆ. ಎರರ್ ಏನೂ ಬರುವುದಿಲ್ಲ. 2021ರಲ್ಲಿ ಬಂದ ಪೈಥಾನ್ 3.10 ಇದಕ್ಕೆಂದೇ 'ಸ್ಟ್ರಿಕ್ಟ್' ಎಂಬ ಆಯ್ಕೆ ಕೊಟ್ಟಿತು. ಅದನ್ನು ಹಾಕಿದರೆ ಎರಡು ಪಟ್ಟಿಗಳ ಉದ್ದ ಹೊಂದದಿದ್ದಾಗ ಪ್ರೋಗ್ರಾಂ ತಡೆದು ಹೇಳುತ್ತದೆ. ಆದರೆ ಎರಡು ಊರುಗಳ ಅಂಕಿ ಬಿಟ್ಟುಹೋಗಿದ್ದರೆ ಉದ್ದ ಮತ್ತೆ ಸರಿಹೊಂದುತ್ತದೆ, ಸ್ಟ್ರಿಕ್ಟ್ ಕೂಡ ಹಿಡಿಯಲಾರದು.

ಇದಕ್ಕಿಂತ ಆಳದ ತೊಡಕು ಕೀ ಆಯ್ಕೆಯದು. ತುಂಗೆಯ ದಡದಲ್ಲಿ, ಮತ್ತೂರಿನ ಎದುರಿಗೆ, ಗಮಕಕ್ಕೆ ಹೆಸರಾದ ಹೊಸಹಳ್ಳಿಯಿದೆ. ಬೆಂಗಳೂರಿನ ಮೆಟ್ರೊ ನೇರಳೆ ಮಾರ್ಗದಲ್ಲೂ ಒಂದು ಹೊಸಹಳ್ಳಿಯಿದೆ. ರಾಜ್ಯದ ತಾಲ್ಲೂಕುಗಳನ್ನು ಜಾಲಾಡಿದರೆ ಇನ್ನೆಷ್ಟೋ ಸಿಗುತ್ತವೆ. ಊರಿನ ಹೆಸರನ್ನೇ ಕೀ ಮಾಡಿದರೆ, ಒಂದು ಕೀಗೆ ಒಂದೇ ವ್ಯಾಲ್ಯೂ ಇರುವುದರಿಂದ, ಪೈಥಾನ್ ಡಿಕ್ಷನರಿಯಲ್ಲಿ ಉಳಿಯುವುದು ಕೊನೆಗೆ ಬಂದ ಹೊಸಹಳ್ಳಿ ಮಾತ್ರ. ಮೊದಲಿನವುಗಳ ವಿವರ ಸದ್ದಿಲ್ಲದೆ ಅಳಿಯುತ್ತದೆ. ಆ ವಿವರ ಕುಡಿಯುವ ನೀರಿನ ಅನುದಾನದ ಲೆಕ್ಕವಾಗಿದ್ದರೆ ಒಂದು ಊರೇ ಲೆಕ್ಕದಿಂದ ಹೊರಗೆ.

1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟೆಲ್ ನಿಘಂಟು ಈ ತೊಡಕನ್ನು ಕಂಡುಕೊಂಡಿತ್ತು. 'ಅರಿ' ಎಂದರೆ ತಿಳಿ ಎಂದೂ ಆಗುತ್ತದೆ, ಶತ್ರು ಎಂದೂ ಆಗುತ್ತದೆ. ರೂಪ ಒಂದೇ ಆದರೂ ಮೂಲ ಬೇರೆಯಾದ ಇಂಥ ಪದಗಳಿಗೆ ಕಿಟೆಲ್ ಬೇರೆ ಬೇರೆ ಸಂಖ್ಯೆ ಕೊಟ್ಟು ನಮೂದಿಸಿದರು. ಕಾಗದದ ನಿಘಂಟು ವಹಿಸಿದ ಈ ಎಚ್ಚರ ಕಂಪ್ಯೂಟರಿನ ಡಿಕ್ಷನರಿಗೆ ತಾನಾಗಿ ಬರುವುದಿಲ್ಲ, ಬರೆಯುವವರು ತರಬೇಕು.

ಹೆಸರುಗಳು ಬದಲಾಗುವುದೂ ಉಂಟು. 2014ರ ನವೆಂಬರ್ 1ರಂದು ರಾಜ್ಯದ 12 ನಗರಗಳ ಹೆಸರು ಬದಲಾಯಿತು, ಗುಲ್ಬರ್ಗ ಕಲಬುರಗಿಯಾಯಿತು. ಹಳೆಯ ಪಟ್ಟಿ, ಹೊಸ ಪಟ್ಟಿ ಎರಡನ್ನೂ ಬೆರೆಸಿದರೆ ಒಂದೇ ನಗರಕ್ಕೆ ಎರಡು ಕೀ. ಜಿಲ್ಲೆಯನ್ನೂ ಸೇರಿಸಿ ಕೀ ಮಾಡೋಣವೆಂದರೆ, 2021ರಲ್ಲಿ ಬಳ್ಳಾರಿಯಿಂದ ಬೇರೆಯಾಗಿ ವಿಜಯನಗರ ಜಿಲ್ಲೆ ಹುಟ್ಟಿತು. ಹೊಸಪೇಟೆ ಇದ್ದಲ್ಲೇ ಇದೆ, ಕೀ ಮಾತ್ರ ಕೆಟ್ಟಿತು.

ಹಾಗಾಗಿ ಹೆಸರಿನ ಬದಲು ಸಂಕೇತಸಂಖ್ಯೆಯೇ ಕೀ ಆಗಬೇಕು. ಅದು ಈಗಾಗಲೇ ಇದೆ: ಕೇಂದ್ರ ಪಂಚಾಯತ್ ರಾಜ್ ಸಚಿವಾಲಯದ ಲೋಕಲ್ ಗವರ್ನಮೆಂಟ್ ಡೈರೆಕ್ಟರಿ ಗ್ರಾಮಗಳಿಗೂ ಪಂಚಾಯಿತಿಗಳಿಗೂ ಪ್ರತ್ಯೇಕ ಸಂಖ್ಯೆ ಕೊಟ್ಟಿದೆ. ಫಲಾನುಭವಿಗಳದ್ದಿರಲಿ, ಶಾಲೆಗಳದ್ದಿರಲಿ, ಇಲಾಖೆಗಳು ಪ್ರಕಟಿಸುವ ಪ್ರತಿ ಪಟ್ಟಿಯ ಪ್ರತಿ ಸಾಲಿನಲ್ಲೂ ಆ ಸಂಖ್ಯೆ ಕಡ್ಡಾಯವಾಗಿ ಇರಬೇಕು. ಕಾಲೇಜುಗಳೂ ಅಚ್ಚುಕಟ್ಟಾದ ಉದಾಹರಣೆ ಬಿಟ್ಟು, ಎರಡು ಹೊಸಹಳ್ಳಿಗಳಿರುವ, ಅಂಕಿ ತಪ್ಪಿಹೋಗಿರುವ ಪಟ್ಟಿಯನ್ನೇ ವಿದ್ಯಾರ್ಥಿಗಳ ಕೈಗೆ ಕೊಡಲಿ. ಹೊರಗಿನ ಡಿಕ್ಷನರಿಗೆ ಸಂಖ್ಯೆಯೇ ಕೀ. ಅದರೊಳಗೆ ಇನ್ನೊಂದು ಪುಟ್ಟ ಡಿಕ್ಷನರಿ, ಅದರಲ್ಲಿ ಈಗಿನ ಹೆಸರು, ತಾಲ್ಲೂಕು, ಜಿಲ್ಲೆ, ಹಳೆಯ ಹೆಸರುಗಳು. ಹೀಗೆ ಕಟ್ಟಿ ಹಳೆಯ ಹೆಸರುಗಳಲ್ಲೂ ಹುಡುಕುವಂತೆ ಬರೆದರೆ, ಗುಲ್ಬರ್ಗ ಎಂದು ಕೇಳಿದವರಿಗೂ ಕಲಬುರಗಿಯ ವಿವರವೇ ಸಿಗುತ್ತದೆ.