ಹಾಸಿಗೆ ಹಾಸಿದವರಿಗೆ ಟಿಪ್ಸ್ ಬೇಡವೇ?

ಪ್ರವಾಸದಲ್ಲಿ ಊಟ ಬಡಿಸಿದವರಿಗೆಂದು ಬಿಲ್ಲಿನ ತಟ್ಟೆಯಲ್ಲಿ ಸೋಂಪಿನ ಪಕ್ಕ ಒಂದೆರಡು ನೋಟು ಬಿಟ್ಟು ಏಳುತ್ತೇವೆ. ಬ್ಯಾಗು ಹೊತ್ತು ತಂದವರು ಬಾಗಿಲಲ್ಲಿ ನಿಂತರೆ ಕೈ ತಾನಾಗಿ ಜೇಬಿಗೆ ಹೋಗುತ್ತದೆ. ನಾವು ಮಲಗೆದ್ದ ಹಾಸಿಗೆಯ ಬೆಡ್‌ಶೀಟ್ ಬದಲಿಸಿ, ಬಚ್ಚಲಿನ ಕೂದಲು ಹೆಕ್ಕಿ, ಕಮೋಡ್ ಉಜ್ಜಿದವರಿಗೆ ಮಾತ್ರ ಬಹಳಷ್ಟು ಸಲ ಏನೂ ಸಿಗುವುದಿಲ್ಲ. ಇದಕ್ಕೆ ಜಿಪುಣತನ ಕಾರಣವಲ್ಲ. ಅವರು ನಮ್ಮ ಕಣ್ಣಿಗೇ ಬೀಳುವುದಿಲ್ಲ. ನಾವು ಸುತ್ತಾಡಲು ಹೋದಾಗ ಬಂದು, ಮರಳುವಷ್ಟರಲ್ಲಿ ಕೆಲಸ ಮುಗಿಸಿ ಹೋಗಿರುತ್ತಾರೆ. ಟಿಪ್ಸ್ ಕೊಡುವ ರೂಢಿ ಇಟ್ಟುಕೊಂಡವರು ಮೊದಲು ನೆನೆಯಬೇಕಾದದ್ದು ಇವರನ್ನೇ.

ವಾರಾಂತ್ಯದಲ್ಲಿ ಮಡಿಕೇರಿಯ, ಚಿಕ್ಕಮಗಳೂರಿನ ಲಾಡ್ಜುಗಳನ್ನು ಗಮನಿಸಿ. ಬೆಳಿಗ್ಗೆ 11ಕ್ಕೆ ಒಂದು ಕುಟುಂಬ ಹೊರಟರೆ ಮಧ್ಯಾಹ್ನ 1ಕ್ಕೋ 2ಕ್ಕೋ ಇನ್ನೊಂದು ಬಂದಿಳಿಯುತ್ತದೆ. ನಡುವಿನ ಆ ಎರಡು ಮೂರು ಗಂಟೆಗಳಲ್ಲಿ ಖಾಲಿಯಾದ ಕೋಣೆಗಳೆಲ್ಲ ಹೊಸದರಂತೆ ಸಿದ್ಧವಾಗಬೇಕು. ಭಾರದ ಹಾಸಿಗೆಯ ಮೂಲೆ ಎತ್ತಿ ಬಟ್ಟೆ ಸಿಕ್ಕಿಸುವುದು, ಬಗ್ಗಿ ನೆಲ ತಿಕ್ಕುವುದು, ಒದ್ದೆ ಟವೆಲ್ಲುಗಳ ರಾಶಿ ಹೊರುವುದು ದಿನವೂ ಸೊಂಟ, ಭುಜ ಹಿಂಡುವ ದುಡಿಮೆ. ಇದರ ಮೇಲೆ, ಶೌಚಾಲಯ ತೊಳೆಯುವ ಕೆಲಸಕ್ಕೆ ನಮ್ಮ ಸಮಾಜ ಅಂಟಿಸಿರುವ ಜಾತಿಯ ಕಳಂಕ ಬೇರೆ. ಬಡಿಸಿದ ಕೈಗೆ ಕೊಟ್ಟು ತೊಳೆದ ಕೈಯನ್ನು ಮರೆಯುವುದರ ಹಿಂದೆ ಆ ಹಳೆಯ ಲೆಕ್ಕವೂ ಇದೆ.

‘ಬಾಡಿಗೆ, ಜಿಎಸ್‌ಟಿ ಎಲ್ಲ ಕೊಟ್ಟ ಮೇಲೆ ಇದೇಕೆ? ಸಂಬಳ ಕೊಡುವುದು ಮಾಲೀಕರ ಹೊಣೆಯಲ್ಲವೇ?’ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಟಿಪ್ಸ್ ಸಂಬಳದ ಜಾಗಕ್ಕೆ ಬಂದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕ ಸಾಕ್ಷಿ. ಟಿಪ್ಸ್ ಪಡೆಯುವ ನೌಕರರಿಗೆ ಮಾಲೀಕರು ಕೊಡಬೇಕಾದ ನಗದು ಕೂಲಿಯ ಫೆಡರಲ್ ಕನಿಷ್ಠ ಮಿತಿ 1991ರಿಂದ ಗಂಟೆಗೆ 2.13 ಡಾಲರ್‌ನಲ್ಲೇ ನಿಂತಿದೆ. 2014ರಲ್ಲಿ ಮ್ಯಾರಿಯಟ್ ಸಂಸ್ಥೆ ಅಲ್ಲಿನ ಹೋಟೆಲ್ ಕೋಣೆಗಳಲ್ಲಿ ಟಿಪ್ಸ್ ಲಕೋಟೆ ಇಡಿಸಿದಾಗ, ‘ಮೊದಲು ಸಂಬಳ ಹೆಚ್ಚಿಸಿ’ ಎಂಬ ಟೀಕೆ ಎದ್ದದ್ದು ಅದಕ್ಕೇ. ನಮ್ಮಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ, ಹೋಟೆಲುಗಳು ಸೇವಾ ಶುಲ್ಕವನ್ನು ತಾವಾಗಿ ಬಿಲ್ಲಿಗೆ ಸೇರಿಸಬಾರದೆಂದು ಮಾರ್ಗಸೂಚಿ ಹೊರಡಿಸಿತು. 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಕೊಡುವುದು, ಬಿಡುವುದು ಗ್ರಾಹಕರ ಇಚ್ಛೆ ಎಂಬುದು ಇದರಿಂದ ಖಚಿತವಾಯಿತು. ಯಾರಿಗೆ ಕೊಡಬೇಕು ಎಂಬ ವಿವೇಕವೂ ಈಗ ನಮ್ಮದೇ.

ನ್ಯಾಯವಾದ ಕೂಲಿಗಾಗಿ ಸರ್ಕಾರವನ್ನೂ ಮಾಲೀಕರನ್ನೂ ಕೇಳುತ್ತಲೇ ಇರಬೇಕು. ಆ ಬೇಡಿಕೆ ಈಡೇರುವತನಕ ಇಂದು ನಮ್ಮ ಕೋಣೆ ಗುಡಿಸಿದವರು ಬರಿಗೈಯಲ್ಲಿ ಹೋಗಬೇಕಿಲ್ಲ.

ಕೊಡುವ ಕ್ರಮವೂ ಮುಖ್ಯ. ಹೊರಡುವ ದಿನ ಒಟ್ಟಿಗೆ ಕೊಡುವುದಕ್ಕಿಂತ ದಿನದಿನವೂ ಕೊಡುವುದು ಲೇಸು; ಪಾಳಿ ಬದಲಾದಂತೆ ಕೋಣೆಗೆ ಬರುವವರೂ ಬದಲಾಗುತ್ತಾರೆ. ಸಾಧ್ಯವಾದರೆ ಕೈಗೇ ಕೊಡಬೇಕು. ಇಟ್ಟು ಹೋಗುವುದಾದರೆ ‘ಕೋಣೆ ಸ್ವಚ್ಛ ಮಾಡಿದವರಿಗೆ, ಧನ್ಯವಾದ’ ಎಂದು ಚೀಟಿ ಬರೆದಿಡಬೇಕು. ಸುಮ್ಮನೆ ಬಿದ್ದ ನೋಟು ಮುಟ್ಟಿದರೆ ಕಳ್ಳತನದ ಆರೋಪ ಬಂದೀತೆಂಬ ಭಯ ಅವರಿಗಿರುತ್ತದೆ. ಫೋನಿನಲ್ಲೇ ಹಣ ಪಾವತಿಸುವ ಈ ಕಾಲದಲ್ಲಿ ಇದಕ್ಕೆಂದೇ ಒಂದಿಷ್ಟು ಚಿಲ್ಲರೆ ನೋಟು ಜೊತೆಗಿರಲಿ. ಎಷ್ಟು ಕೊಡಬೇಕೆಂಬ ಗೊಂದಲವಿದ್ದರೆ, ಊಟ ಬಡಿಸಿದವರಿಗೆ ಕೊಟ್ಟದ್ದಕ್ಕಿಂತ ಕಡಿಮೆಯಾಗದಿದ್ದರೆ ಸಾಕು.

ಹಣವೊಂದರಿಂದಲೇ ಋಣ ತೀರದು. ಕಸವನ್ನು ಬುಟ್ಟಿಗೆ ಹಾಕಿ, ಒದ್ದೆ ಟವೆಲ್ಲುಗಳನ್ನು ಒಂದೆಡೆ ಇಟ್ಟು ಹೊರಡೋಣ. ಕಾರಿಡಾರಿನಲ್ಲಿ ಎದುರಾದವರನ್ನು ‘ಏ, ಬಾ ಇಲ್ಲಿ’ ಎನ್ನದೆ ‘ಬನ್ನಿ’ ಎನ್ನೋಣ. ದುಡಿಮೆಗೆ ತೋರುವ ಗೌರವ ಆ ಬಹುವಚನದಿಂದಲೇ ಶುರುವಾಗಬೇಕು.