ಪೇಟೆಯ ಹಕ್ಕಿಗಳೂ ಲೆಕ್ಕಕ್ಕೆ ಸೇರಲಿ

ಸಾಗರ ಪಟ್ಟಣದ ನಡುವಿನ ಗಣಪತಿ ಕೆರೆಯ ದಂಡೆಯಲ್ಲಿ ಬೆಳಗಿನ ಹೊತ್ತು ಅರ್ಧ ಗಂಟೆ ನಿಂತರೆ, ವಾಹನಗಳ ಗದ್ದಲದ ಪಕ್ಕದಲ್ಲಿಯೇ ಇನ್ನೊಂದು ದಿನಚರಿ ಕಾಣಸಿಗುತ್ತದೆ. ರೆಕ್ಕೆ ಬಿಚ್ಚಿ ಬಿಸಿಲು ಕಾಯಿಸುವ ನೀರುಕಾಗೆ, ಕೆಸರಿನಂಚಿನಲ್ಲಿ ಅಲುಗಾಡದೆ ನಿಂತ ಕೊಳಬಕ, ತಂತಿಯಿಂದ ನೀರಿಗೆರಗುವ ಮಿಂಚುಳ್ಳಿ ಯಾರ ಗಮನಕ್ಕೂ ಕಾಯದೆ ತಮ್ಮ ಕೆಲಸದಲ್ಲಿ ತೊಡಗಿರುತ್ತವೆ. ತೀರ್ಥಹಳ್ಳಿಯಲ್ಲಿ ತುಂಗೆಯ ಬಂಡೆಗಳ ಮೇಲೂ ಇಂಥದೇ ನೋಟ. ಹೊಸನಗರದ ಪೇಟೆಯಲ್ಲಾದರೆ ಅಂಗಡಿಸಾಲಿನ ಹಿಂದಿನ ಅತ್ತಿ, ಹಲಸಿನ ಮರಗಳಲ್ಲಿ ಕುಟ್ರುಹಕ್ಕಿ, ಪಿಕಳಾರ, ಮಡಿವಾಳಗಳ ದನಿ ಕೇಳಿಸುತ್ತದೆ.

ಸುತ್ತಲೂ ಕಾಡಿರುವಾಗ ಪೇಟೆಯ ಹಕ್ಕಿಗಳ ಚಿಂತೆ ಏಕೆ ಎಂದು ಕೇಳುವವರಿದ್ದಾರೆ. ಮಲೆನಾಡಿನ ಪಟ್ಟಣಗಳಲ್ಲಿ ಈ ಉದಾಸೀನ ಸಹಜವೆನಿಸಿದರೂ ಸರಿಯಲ್ಲ. ಕೊಕ್ಕರೆ, ಬೆಳ್ಳಕ್ಕಿಗಳು ಅನೇಕ ವೇಳೆ ಜನವಸತಿಯ ಸಮೀಪವೇ ಗುಂಪಾಗಿ ಗೂಡು ಕಟ್ಟುತ್ತವೆ. ತೀರ್ಥಹಳ್ಳಿ ಮತ್ತು ಶಿವಮೊಗ್ಗಗಳ ನಡುವಿನ ಮಂಡಗದ್ದೆ ಇದಕ್ಕೆ ಸಾಕ್ಷಿ. ಅಲ್ಲಿ ಹೆದ್ದಾರಿಯ ಪಕ್ಕದಲ್ಲಿಯೇ, ತುಂಗೆಯ ನಡುಗಡ್ಡೆಯ ಮರಗಳಲ್ಲಿ ಮಳೆಗಾಲವಿಡೀ ಬೆಳ್ಳಕ್ಕಿ, ನೀರುಕಾಗೆಗಳು ಮರಿ ಮಾಡುತ್ತವೆ. ತೊಂದರೆ ಕೊಡದಿದ್ದರೆ ಹಕ್ಕಿಗಳು ಮನುಷ್ಯನ ಸಾಮೀಪ್ಯವನ್ನು ಸಹಿಸಿಕೊಳ್ಳುತ್ತವೆ ಎಂಬುದಕ್ಕೆ ಬೇರೆ ಪುರಾವೆ ಬೇಡ.

ಊರಿನ ಹಕ್ಕಿಗಳ ಭವಿಷ್ಯ ಊರಿನಲ್ಲಿಯೇ ತೀರ್ಮಾನವಾಗುತ್ತದೆ. 2020ರಲ್ಲಿ ಪ್ರಕಟವಾದ ಭಾರತದ ಪಕ್ಷಿಗಳ ಸ್ಥಿತಿಗತಿಯ ವರದಿಯ ಪ್ರಕಾರ, ಗುಬ್ಬಚ್ಚಿಗಳ ಸಂಖ್ಯೆ ದೇಶದಲ್ಲಿ ಒಟ್ಟಾರೆ ಸ್ಥಿರವಾಗಿದ್ದರೂ ಮಹಾನಗರಗಳಲ್ಲಿ ಇಳಿಮುಖವಾಗಿತ್ತು. ಹೊರಗಿನ ಸಮೃದ್ಧಿ ಒಳಗಿನ ನಷ್ಟವನ್ನು ತುಂಬಿಕೊಡಲಿಲ್ಲ. 2023ರ ವರದಿಯು 942 ಪ್ರಭೇದಗಳನ್ನು ಪರಿಶೀಲಿಸಿ, 178ಕ್ಕೆ ಸಂರಕ್ಷಣೆಯಲ್ಲಿ ಹೆಚ್ಚಿನ ಆದ್ಯತೆ ಬೇಕೆಂದಿತು. ಅದಕ್ಕೆ ಆಧಾರ ಒದಗಿಸಿದವರು ಸುಮಾರು 30 ಸಾವಿರ ಪಕ್ಷಿವೀಕ್ಷಕರು. ಬಹುಪಾಲು ನಮ್ಮ ನಿಮ್ಮಂಥ ಹವ್ಯಾಸಿಗಳು.

ಇಲ್ಲಿ ನನ್ನದೊಂದು ತಪ್ಪೊಪ್ಪಿಗೆ ಸೇರಬೇಕು. ಸೇವೆಯಲ್ಲಿದ್ದಾಗ, ಒಂದು ಪಟ್ಟಣದ ರಸ್ತೆ ವಿಸ್ತರಣೆಗಾಗಿ ಸಾಲುಮರಗಳನ್ನು ತೆಗೆಯುವ ಕಡತ ನನ್ನ ಮುಂದೆ ಬಂದಿತ್ತು. ದಿಮ್ಮಿಗಳ ಮೌಲ್ಯ, ಹರಾಜಿನ ವಿವರ, ಕಾಮಗಾರಿಯ ಅಂದಾಜು ಎಲ್ಲವೂ ಕ್ರಮಬದ್ಧವಾಗಿದ್ದವು. ತಿಂಗಳು ಯಾವುದೆಂದು ಮಾತ್ರ ನಾನು ಯೋಚಿಸಲಿಲ್ಲ. ಆಗ ಜುಲೈ. ಮರ ಉರುಳಿದ ದಿನ ಮಳೆಯಲ್ಲಿ ತೊಯ್ದ ಡಾಂಬರಿನ ಮೇಲೆ ಇನ್ನೂ ಪುಕ್ಕ ಬಲಿಯದ ಕೊಕ್ಕರೆಯ ಮರಿಗಳು ಬಿದ್ದಿದ್ದವು. ಆ ಕಡತದಲ್ಲಿ ಗೂಡಿಗೆಂದು ಒಂದು ಅಂಕಣವೇ ಇರಲಿಲ್ಲ. ಮಾರುಕಟ್ಟೆಯಲ್ಲಿ ಬೆಲೆಯಿಲ್ಲದ್ದನ್ನು ಶೂನ್ಯವೆಂದು ಎಣಿಸುವ ದೋಷವನ್ನು ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನಾನು ಓದಿದ್ದೆ. ಅಧಿಕಾರಿಯಾಗಿ ಅದನ್ನೇ ಮಾಡಿ ಸಹಿ ಹಾಕಿದ್ದೆ.

ಇಂಥ ದುರಂತ ಅಪರೂಪವೇನಲ್ಲ. 2022ರ ಸೆಪ್ಟೆಂಬರಿನಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಹೆದ್ದಾರಿ ಕಾಮಗಾರಿಗಾಗಿ ಗೂಡುಗಳಿದ್ದ ಮರವನ್ನು ಕೆಡವಿ ಅನೇಕ ಮರಿಗಳು ಸತ್ತಾಗ, ಅರಣ್ಯ ಇಲಾಖೆ ಪ್ರಕರಣ ದಾಖಲಿಸಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯು ಕಾಡುಹಕ್ಕಿಗಳ ಗೂಡು, ಮೊಟ್ಟೆಗಳನ್ನು ಕೆಡಿಸುವುದನ್ನೂ ಬೇಟೆಯ ವ್ಯಾಖ್ಯೆಯೊಳಗೇ ಸೇರಿಸಿದೆ. ಆದ್ದರಿಂದ ಕಾನೂನಿನ ಕೊರತೆ ಇಲ್ಲಿಲ್ಲ. ಕೊರತೆ ಇರುವುದು ಮೊದಲೇ ನೋಡುವ ವ್ಯವಧಾನದ್ದು.

ಕೆರೆಗಳ ‘ಸೌಂದರ್ಯೀಕರಣ’ದಲ್ಲಿಯೂ ಇದೇ ಮರೆವು ಕಾಣುತ್ತದೆ. ನಡಿಗೆಯ ಹಾದಿ, ದೀಪ, ಬೆಂಚುಗಳು ನಾಗರಿಕರಿಗೆ ಬೇಕು ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಸುತ್ತಲೂ ಕಲ್ಲು, ಕಾಂಕ್ರೀಟು ಕಟ್ಟಿದ ಕೆರೆಯು ನೀರು ತುಂಬಿದ ತೊಟ್ಟಿಯಾಗುತ್ತದೆಯೇ ಹೊರತು ಕೆರೆಯಾಗಿ ಉಳಿಯುವುದಿಲ್ಲ. ಬಕವು ಮೀನು, ಕಪ್ಪೆ ಹಿಡಿಯುವುದು ಇಳಿಜಾರಾದ ಕೆಸರಿನಂಚಿನ ತೆಳುನೀರಿನಲ್ಲಿ. ಆಳದ ನೀರಿಗೆ ನೇರ ಇಳಿದ ಗೋಡೆಯ ಬುಡದಲ್ಲಿ ಅದಕ್ಕೆ ಕಾಲೂರಲು ಜಾಗವಿರುವುದಿಲ್ಲ.

ಪರಿಹಾರಕ್ಕೆ ದೊಡ್ಡ ಅನುದಾನ ಬೇಕಿಲ್ಲ. ಪಟ್ಟಣದ ಮರ ಕಡಿಯುವ, ಕೊಂಬೆ ಸವರುವ ಮೊದಲು ಗೂಡುಗಳ ತಪಾಸಣೆ ಕಡ್ಡಾಯವಾಗಲಿ. ತುರ್ತಿಲ್ಲದ ಕೆಲಸ ಮಳೆಗಾಲ ಕಳೆದ ಮೇಲೆ ನಡೆಯಲಿ. ಕೆರೆಯ ಒಂದು ಬದಿಯನ್ನಾದರೂ ಮಣ್ಣಿನ ದಡವಾಗಿಯೇ ಬಿಡಲಿ. 2002ರ ಜೀವವೈವಿಧ್ಯ ಕಾಯ್ದೆಯನ್ವಯ ಪ್ರತಿ ಸ್ಥಳೀಯ ಸಂಸ್ಥೆಯೂ ಜೀವವೈವಿಧ್ಯ ನಿರ್ವಹಣಾ ಸಮಿತಿ ರಚಿಸಿ, ಜನತಾ ಜೀವವೈವಿಧ್ಯ ದಾಖಲಾತಿಯನ್ನು ಸಿದ್ಧಪಡಿಸಬೇಕು. ಅದು ಕಪಾಟಿನಲ್ಲಿ ಕೂರುವ ಪುಸ್ತಕವಾಗದಿರಲಿ. ಪ್ರತಿ ಫೆಬ್ರುವರಿಯಲ್ಲಿ ದೇಶದಾದ್ಯಂತ ನಡೆಯುವ ಹಿತ್ತಲ ಹಕ್ಕಿಗಳ ಗಣತಿಯಲ್ಲಿ ಈ ಮೂರೂ ಪಟ್ಟಣಗಳ ಕಾಲೇಜು ವಿದ್ಯಾರ್ಥಿಗಳು ಪಾಲ್ಗೊಂಡು, ಕಂಡದ್ದನ್ನು ಅದರಲ್ಲಿ ವರ್ಷವರ್ಷವೂ ದಾಖಲಿಸಬಹುದು. ಯಾವ ಹಕ್ಕಿ ಎಲ್ಲಿದೆ ಎಂಬ ಬರಹವಿದ್ದರೆ, ನಾಳೆ ಕಾಮಗಾರಿಯ ಅಂದಾಜುಪಟ್ಟಿ ತಯಾರಿಸುವವರು ಅದನ್ನು ಕಾಣದಂತೆ ನಟಿಸುವುದು ಕಷ್ಟವಾಗುತ್ತದೆ.

ನಗರಗಳು ಬೆಳೆಯುತ್ತವೆ, ರಸ್ತೆಗಳು ಅಗಲವಾಗುತ್ತವೆ. ಅದನ್ನು ತಡೆಯಬೇಕೆಂದು ಯಾರೂ ಹೇಳುತ್ತಿಲ್ಲ. ಕೊಡಲಿ ಬೀಳುವ ಮೊದಲು ಯಾರಾದರೊಬ್ಬರು ತಲೆಯೆತ್ತಿ ಮರವನ್ನು ನೋಡಲಿ ಎಂಬುದಷ್ಟೇ ಕೋರಿಕೆ. ಆ ಜುಲೈಯಲ್ಲಿ ನಾನು ಮಾಡದೆ ಹೋದದ್ದು ಅಷ್ಟನ್ನೇ.